ಆರು ತಂತಿ, ಎರಡು ಬಾಗಿಲು

ನಮ್ಮೂರ ಪಂಚಾಯತಿ ಕಟ್ಟೆಯ ರೇಡಿಯೊದಲ್ಲಿ ವಾರ್ತೆಗೆ ಇನ್ನೂ ಎರಡು ಮೂರು ನಿಮಿಷ ಉಳಿದಿದ್ದರೆ ಒಂದು ತುಂಡು ವಾದ್ಯ ಸಂಗೀತ ಹಾಕುತ್ತಿದ್ದರು. ಹೆಚ್ಚಿನ ದಿನ ಅದು ಯಾವುದೋ ಹಿಂದಿ ಸಿನಿಮಾ ಹಾಡಿನ ಧಾಟಿಯಾಗಿರುತ್ತಿತ್ತು. ಹಾಡುವವರಿಲ್ಲ, ಮಾತಿಲ್ಲ. ಆದರೂ ಯಾರೋ ಬಾಯಿ ಮುಚ್ಚಿಕೊಂಡು ಹಾಡುತ್ತಿದ್ದಾರೆ ಅನ್ನಿಸುವ ಹಾಗೆ ತಂತಿಯೊಂದು ಜಾರುತ್ತಿತ್ತು, ಒಂದು ಸ್ವರದಿಂದ ಇನ್ನೊಂದಕ್ಕೆ ನೀರಿನ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಶಂಕರ್-ಜೈಕಿಶನ್ ಸಂಗೀತ ಕೊಟ್ಟ 1959ರ ‘ಅನಾಡಿ’ ಚಿತ್ರದ ಹಾಡೊಂದನ್ನು ನಾನು ಮೊದಲು ಕೇಳಿದ್ದು ಹೀಗೆ, ಮಾತುಗಳೇ ಇಲ್ಲದೆ. ಪಲ್ಲವಿ ಮುಗಿದು ಅಂತರಾ ಶುರುವಾಗಬೇಕು ಅನ್ನುವಷ್ಟರಲ್ಲಿ ಧ್ವನಿ ಇಳಿಯುತ್ತ ಹೋಗಿ, ಸಮಯದ ಸದ್ದು ಬಂದು, ವಾರ್ತೆ ಶುರುವಾಗಿಬಿಡುತ್ತಿತ್ತು. ಆ ಅಂತರಾ ಮುಂದೆ ಹೇಗೆ ಹೋಗುತ್ತದೆ ಎಂದು ಗೊತ್ತಾಗದ ಸಂಕಟ ನನಗೆ ರಾತ್ರಿ ಊಟದ ತನಕ ಇರುತ್ತಿತ್ತು.

ಅದು ಯಾವ ವಾದ್ಯ ಎಂದು ಊರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪಿಟೀಲು ಅಂದವರಿದ್ದರು, ವೀಣೆ ಅಂದವರೂ ಇದ್ದರು. 1969ರಲ್ಲಿ ನಮ್ಮ ಕಡೆಯ ಎಲ್ಲ ಹುಡುಗರ ಹಾಗೆ ನಾನೂ ಬೊಂಬಾಯಿ ಬಸ್ಸು ಹತ್ತಿದೆ. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಹೋಟೆಲಿನ ಅಡುಗೆಮನೆಯ ರೇಡಿಯೊದಲ್ಲಿ ಅದೇ ಜಾರುವ ತಂತಿ ಒಂದು ದಿನ ಕೇಳಿಸಿತು. ಮಜಗಾಂವ್‌ನಿಂದ ಬ್ರೆಡ್ಡು ತಂದುಹಾಕುತ್ತಿದ್ದ ಮಂಗಳೂರಿನ ಕ್ರಿಶ್ಚಿಯನ್ ಗೆಳೆಯ ಟ್ರೇ ಕೆಳಗಿಟ್ಟು, ಅದು ಗಿಟಾರ್ ಮಾರಾಯ, ತೊಡೆ ಮೇಲೆ ಮಲಗಿಸಿ ಬಾರಿಸುವ ಗಿಟಾರ್ ಎಂದ. ಅವನ ಮನೆಯಲ್ಲಿ ಇದ್ದದ್ದು ಎದೆಗೆ ಒರಗಿಸಿಕೊಂಡು ಬಾರಿಸುವ ಗಿಟಾರ್. ಎರಡೂ ಒಂದೇ ಹೆಸರಿನ ವಾದ್ಯವಾದರೂ ಸ್ವಭಾವದಲ್ಲಿ ಅಕ್ಕತಂಗಿಯರಷ್ಟು ಬೇರೆ ಎಂದು ತಿಳಿಯಲು ನನಗೆ ಇನ್ನೂ ಕೆಲವು ವರ್ಷ ಬೇಕಾಯಿತು. ಮುಂದೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಅದರ ಜೊತೆಗೇ ಮುಂಬೈಯ ಆರ್ಕೆಸ್ಟ್ರಾಗಳಲ್ಲಿ ಮೂವತ್ತು ವರ್ಷ ಗಿಟಾರ್ ನುಡಿಸಿದೆ. ಗಣೇಶೋತ್ಸವ, ನವರಾತ್ರಿ, ಮದುವೆ, ಮಾಟುಂಗದಲ್ಲಿ ನಮ್ಮವರ ಕಾರ್ಯಕ್ರಮಗಳು. ಈಗ ಎರಡು ಕೆಲಸದಿಂದಲೂ ನಿವೃತ್ತ. ಹಳೆಯ ಹಾಡುಗಳ ಹುಚ್ಚು ಮಾತ್ರ ಹಾಗೇ ಇದೆ. ಆ ಹಾಡುಗಳೊಳಗೆ ಗಿಟಾರ್ ಬಂದು ಕೂತದ್ದು ಹೇಗೆ ಎಂದು ಹುಡುಕುತ್ತ ಹೋದಾಗ ಕಂಡದ್ದು ಇದು: ಆ ವಾದ್ಯ ನಮ್ಮ ಸಿನಿಮಾ ಸಂಗೀತದ ಮನೆಗೆ ಎರಡು ಬಾಗಿಲಿನಿಂದ ಬಂತು.

ಮೊದಲನೆಯ ಬಾಗಿಲು ಬಹಳ ದೂರದ್ದು, ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳದ್ದು. 19ನೇ ಶತಮಾನದಲ್ಲಿ ದನ ಕಾಯಲು ಬಂದ ಮೆಕ್ಸಿಕೊ ಕಡೆಯವರು ಅಲ್ಲಿಗೆ ಗಿಟಾರ್ ತಂದರು. ಅದೇ ಶತಮಾನದ ಕೊನೆಗೆ ಜೋಸೆಫ್ ಕೆಕುಕು ಎಂಬ ಹುಡುಗ ಓಆಹು ದ್ವೀಪದಲ್ಲಿ ತಂತಿಯನ್ನು ಬೆರಳಿನಿಂದ ಒತ್ತುವ ಬದಲು ಅದರ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ರೀತಿಯನ್ನು ರೂಢಿಗೆ ತಂದ. ಹವಾಯಿಯ ತಂಡಗಳು ಹಡಗು ಹತ್ತಿ ಪೂರ್ವ ದೇಶಗಳನ್ನೆಲ್ಲ ಸುತ್ತಿದವು. ಸಮೋವಾದಲ್ಲಿ ಹುಟ್ಟಿದ ಟಾವ್ ಮೋ ಎಂಬ ಕಲಾವಿದ ಕುಟುಂಬ ಸಮೇತ ಊರೂರು ತಿರುಗುತ್ತ, ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಕೋಲ್ಕತ್ತದಲ್ಲಿ ನೆಲೆಸಿದರು, ಅಲ್ಲಿ ಕಲಿಸಿದರು. ಬಂಗಾಳದಲ್ಲಿ ಹವಾಯಿಯನ್ ಗಿಟಾರ್ ಮನೆಮನೆಯ ವಾದ್ಯವಾದದ್ದು ಆ ಮೇಲೆ. ಕವಿ ಕಾಜಿ ನಜ್ರುಲ್ ಇಸ್ಲಾಂ ಅವರ ಮಗ ಕಾಜಿ ಅನಿರುದ್ಧ ಕೂಡ ಗಿಟಾರ್ ವಾದಕರೇ. ಸಿನಿಮಾ ಹಾಡುಗಳ ಧಾಟಿಯನ್ನು ಎಲೆಕ್ಟ್ರಿಕ್ ಹವಾಯಿಯನ್ ಗಿಟಾರಿನಲ್ಲಿ ರೆಕಾರ್ಡ್ ಮೇಲೆ ರೆಕಾರ್ಡ್ ನುಡಿಸಿದ ಸುನಿಲ್ ಗಂಗೂಲಿ ಕೋಲ್ಕತ್ತದವರು.

ನಮ್ಮ ಕಿವಿಗೆ ಈ ವಾದ್ಯ ಇಷ್ಟು ಬೇಗ ಒಗ್ಗಿದ್ದಕ್ಕೆ ಕಾರಣ ಸರಳ. ನಮ್ಮ ಸಂಗೀತದಲ್ಲಿ ಸ್ವರಕ್ಕಿಂತ ಸ್ವರದ ನಡುವಿನ ದಾರಿ ದೊಡ್ಡದು. ಹಿಂದೂಸ್ತಾನಿಯವರು ಮೀಂಡ್ ಅನ್ನುತ್ತಾರೆ, ನಮ್ಮವರು ಜಾರು ಅನ್ನುತ್ತಾರೆ. ಎದೆಗೊರಗಿಸುವ ಗಿಟಾರಿನ ಕುತ್ತಿಗೆಯ ಮೇಲೆ ಲೋಹದ ಗೆರೆಗಳಿರುತ್ತವೆ. ಬೆರಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಸ್ವರ ಮೆಟ್ಟಿಲು ಹತ್ತಿದ ಹಾಗೆ ಕೇಳುತ್ತದೆ. ಉಕ್ಕಿನ ತುಂಡಿಗೆ ಆ ಮೆಟ್ಟಿಲುಗಳ ಲೆಕ್ಕವಿಲ್ಲ. ಅದು ಇಳಿಜಾರಿನಲ್ಲಿ ಇಳಿಯುತ್ತದೆ. ಅದಕ್ಕೇ ಗಾಯಕಿಯ ಗಂಟಲನ್ನು ಅನುಸರಿಸಲು ಅದಕ್ಕೆ ಸಾಧ್ಯವಾಯಿತು. ಜೋಧಪುರದ ಬ್ರಿಜ್ ಭೂಷಣ್ ಕಾಬ್ರಾ ಇದೇ ಜಾರುವ ಗಿಟಾರಿನಲ್ಲಿ ರಾಗವನ್ನೇ ನುಡಿಸಿ, 1967ರಲ್ಲಿ ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿನ ಜೊತೆ ‘ಕಾಲ್ ಆಫ್ ದಿ ವ್ಯಾಲಿ’ ರೆಕಾರ್ಡು ಮಾಡಿದರು. ಆ ರೆಕಾರ್ಡು ಕೇಳಿದ ಮೇಲೆ ಗಿಟಾರ್ ಪರದೇಶದ್ದು ಎಂಬ ಮಾತು ನನ್ನ ಬಾಯಿಂದ ಮತ್ತೆ ಬಂದಿಲ್ಲ.

ಮುಂಬೈಯ ಸಿನಿಮಾ ಸಂಗೀತದಲ್ಲಿ ಈ ಬಾಗಿಲಿನಿಂದ ಬಂದವರಲ್ಲಿ ಇಬ್ಬರ ಹೆಸರನ್ನು ನಮ್ಮ ತಲೆಮಾರಿನ ಗಿಟಾರ್ ವಾದಕರು ಇಂದಿಗೂ ಗೌರವದಿಂದ ಹೇಳುತ್ತಾರೆ. ಒಬ್ಬರು ಹಜಾರಾ ಸಿಂಗ್. ಇನ್ನೊಬ್ಬರು ಲಖನೌದಲ್ಲಿ ಹುಟ್ಟಿದ ವ್ಯಾನ್ ಶಿಪ್ಲೆ. ಶಿಪ್ಲೆ ಪಿಟೀಲನ್ನೂ ನುಡಿಸುತ್ತಿದ್ದರು. ತಮ್ಮ ಕೈಗೆ ಬೇಕಾದ ಹಾಗೆ ಎಂಟು ತಂತಿಯ ಎಲೆಕ್ಟ್ರಿಕ್ ಗಿಟಾರ್ ಮಾಡಿಸಿಕೊಂಡಿದ್ದರು. ಅಕಾರ್ಡಿಯನ್ ವಾದಕ ಎನೋಕ್ ಡೇನಿಯಲ್ಸ್ ಅವರ ಜೊತೆ ಸೇರಿ ಸಿನಿಮಾ ಹಾಡುಗಳ ರೆಕಾರ್ಡುಗಳನ್ನು ಮಾಡಿದರು. ಹಾಡಿನ ಮಾತು ತೆಗೆದುಹಾಕಿ ಧಾಟಿಯನ್ನಷ್ಟೇ ಉಳಿಸಿದ ಇಂಥ ರೆಕಾರ್ಡುಗಳಿಗೆ ರೇಡಿಯೊದಲ್ಲಿ ಒಂದು ನಿಶ್ಚಿತ ಜಾಗವಿತ್ತು. ಎರಡು ಕಾರ್ಯಕ್ರಮಗಳ ನಡುವೆ ಹೊತ್ತು ತುಂಬಿಸಬೇಕಾದಾಗ ಅವುಗಳ ಸರದಿ. ಅಂದರೆ, ನಮ್ಮೂರ ಕಟ್ಟೆಯ ಮೇಲೆ ಕೂತು ನಾನು ಕೇಳಿದ್ದೆಲ್ಲ ಹೊತ್ತು ತುಂಬಿಸುವ ಸಂಗೀತ. ನನ್ನ ಬದುಕನ್ನೂ ಅದೇ ತುಂಬಿಸಿತು.

ಎರಡನೆಯ ಬಾಗಿಲು ಹತ್ತಿರದ್ದು, ಗೋವಾದ್ದು.

ಪೋರ್ಚುಗೀಸರ ಕಾಲದಲ್ಲಿ ಗೋವಾದ ಇಗರ್ಜಿಗಳಿಗೆ ಸೇರಿದ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿ ಓದುವುದನ್ನು ಅಕ್ಷರದ ಜೊತೆಗೇ ಕಲಿಸುತ್ತಿದ್ದರು. ಕೆಲಸ ಹುಡುಕಿಕೊಂಡು ಮುಂಬೈಗೆ ಬಂದ ಗೋವಾದ ಯುವಕರಲ್ಲಿ ಪಿಟೀಲು, ಟ್ರಂಪೆಟ್, ಗಿಟಾರ್ ಹಿಡಿದವರು ಬಹಳ ಮಂದಿ. ಧೋಬಿ ತಲಾವ್ ಸುತ್ತಮುತ್ತ ಅವರ ಊರಿನ ಹೆಸರಿನ ಕೂಡುಗಳು, ಅಂದರೆ ಊರವರು ಕೂಡಿ ಇರುವ ವಸತಿಗಳು, ಇದ್ದವು. ನಮ್ಮವರು ಹೋಟೆಲಿನ ಮಾಳಿಗೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದ ಹಾಗೆ ಅವರು ಅಲ್ಲಿ ಪೆಟ್ಟಿಗೆಯಿಟ್ಟುಕೊಂಡು ಇರುತ್ತಿದ್ದರು. ಅದೇ ಧೋಬಿ ತಲಾವ್‌ನಲ್ಲಿ ಫುರ್ಟಾಡೊ ಸಂಗೀತ ಮಳಿಗೆಯೂ ಇದೆ, 1865ರಿಂದ ನಡೆದುಬಂದದ್ದು. ಮೊದಲ ಸಂಬಳ ಕೈಗೆ ಬಂದ ದಿನ ಆ ಗಾಜಿನ ಹೊರಗೆ ಎಷ್ಟು ಹೊತ್ತು ನಿಂತಿದ್ದೆನೋ. ಒಳಗೆ ಹೋಗಲಿಲ್ಲ. ಕೋಲ್ಕತ್ತದಲ್ಲಿ ತಯಾರಾದ ಹಳೆಯ ಗಿಟಾರೊಂದನ್ನು ಗೆಳೆಯನ ಪರಿಚಯದವರಿಂದ ಕಂತಿನಲ್ಲಿ ಕೊಂಡೆ. ಅದರ ತಂತಿ ಕುತ್ತಿಗೆಯಿಂದ ಎಷ್ಟು ಎತ್ತರದಲ್ಲಿತ್ತೆಂದರೆ ಮೊದಲ ಆರು ತಿಂಗಳು ಎಡಗೈಯ ಬೆರಳ ತುದಿಗಳು ಒಡೆದು, ಬಿಸಿ ಲೋಟ ಹಿಡಿಯಲಾಗುತ್ತಿರಲಿಲ್ಲ.

ಗೋವಾದ ವಾದಕರು ಮೊದಲು ನುಡಿಸುತ್ತಿದ್ದದ್ದು ಹೋಟೆಲು, ಕ್ಲಬ್ಬುಗಳಲ್ಲಿ. 1935ರಲ್ಲಿ ಲಿಯಾನ್ ಆಬೆ ಎಂಬ ಆಫ್ರಿಕನ್ ಅಮೆರಿಕನ್ ಪಿಟೀಲು ವಾದಕ ತನ್ನ ತಂಡದೊಂದಿಗೆ ತಾಜ್ ಮಹಲ್ ಹೋಟೆಲಿಗೆ ಬಂದ ಮೇಲೆ ನಗರಕ್ಕೆ ಜಾಝ್ ಹಿಡಿಯಿತು. ಆ ತಂಡಗಳಿಂದ ಕಲಿತವರಲ್ಲಿ ಚಿಕ್ ಚಾಕೊಲೇಟ್ ಎಂದೇ ಹೆಸರಾದ ಟ್ರಂಪೆಟ್ ವಾದಕ ಆಂಟೋನಿಯೊ ಝೇವಿಯರ್ ವಾಝ್, ಫ್ರ್ಯಾಂಕ್ ಫೆರ್ನಾಂಡ್ ಮುಂತಾದವರು ಇದ್ದರು. ಸ್ವಾತಂತ್ರ್ಯ ಬಂತು. ಕ್ಲಬ್ಬುಗಳಿಗೆ ಹಣ ಸುರಿಯುತ್ತಿದ್ದ ಬ್ರಿಟಿಷರು ಹೊರಟರು, 1949ರಲ್ಲಿ ಬಾಂಬೆ ಪಾನನಿರೋಧ ಕಾಯ್ದೆ ಬಂತು. ಕುಡಿತವಿಲ್ಲದ ಕ್ಲಬ್ಬಿನಲ್ಲಿ ಜನವಿಲ್ಲ, ಜನವಿಲ್ಲದಲ್ಲಿ ಬ್ಯಾಂಡ್ ಇಲ್ಲ. ಅತ್ತ ಸಿನಿಮಾ ಸ್ಟುಡಿಯೊಗಳಲ್ಲಿ ವಾದ್ಯವೃಂದ ದೊಡ್ಡದಾಗುತ್ತಿತ್ತು. ವಾದಕರು ಕೊಲಾಬಾದಿಂದ ತಾಡದೇವ್, ದಾದರ್, ಬಾಂದ್ರಾ ಕಡೆಗೆ ಹೊರಳಿದರು. ಹಿಂದಿ ಸಿನಿಮಾ ಹಾಡಿನ ಸುವರ್ಣಯುಗ ಎಂದು ನಾವು ಹೇಳುವುದರ ಹಿಂದೆ ಸಂಗೀತ ನಿರ್ದೇಶಕರ ಪ್ರತಿಭೆ ಇದ್ದದ್ದು ನಿಜ. ಕೆಲಸ ಕಳೆದುಕೊಂಡ ಈ ಹೋಟೆಲ್ ವಾದಕರು ಅದೇ ಹೊತ್ತಿಗೆ ಸಿಗದೇ ಹೋಗಿದ್ದರೆ ಆ ಹಾಡುಗಳು ಕೇಳಿಸುವ ರೀತಿಯೇ ಬೇರೆಯಾಗಿರುತ್ತಿತ್ತು ಎಂಬುದೂ ಅಷ್ಟೇ ನಿಜ.

ಸಿ. ರಾಮಚಂದ್ರ 1947ರ ‘ಶಹನಾಯಿ’ಯ ಒಂದು ತಮಾಷೆ ಹಾಡಿನಲ್ಲಿ ಗಿಟಾರ್, ಮೌತ್ ಆರ್ಗನ್ ತಂದರು. 1951ರ ‘ಅಲ್ಬೇಲಾ’ದಲ್ಲಿ ಚಿಕ್ ಚಾಕೊಲೇಟ್ ಪರದೆಯ ಮೇಲೂ ತಮ್ಮ ತಂಡದೊಂದಿಗೆ ಕಾಣಿಸುತ್ತಾರೆ. ಆದರೆ ಗಿಟಾರಿನ ನಿಜವಾದ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ, ಒಮ್ಮೊಮ್ಮೆ ಕಿವಿಗೂ ಕಾಣುವುದಿಲ್ಲ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಹಾಡು ಒಂದೇ ಎಳೆಯದು. ಹಾಡುವವನು ಒಂದು ಸ್ವರ ಹಿಡಿದರೆ ಹಾರ್ಮೋನಿಯಂ ಅದನ್ನೇ ನುಡಿಸುತ್ತದೆ, ಕೆಳಗೆ ಶ್ರುತಿ ನಿಂತಿರುತ್ತದೆ. ಪಾಶ್ಚಾತ್ಯರ ಕ್ರಮದಲ್ಲಿ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಮೀಟಿ ಒಂದು ಹಾಸು ಮಾಡುತ್ತಾರೆ, ಅದು ಕಾರ್ಡ್. ಹಾಡು ಮುಂದೆ ಹೋದ ಹಾಗೆ ಕೆಳಗಿನ ಹಾಸು ಬದಲಾಗುತ್ತದೆ. ಗಾಯಕ ಅದೇ ‘ಗ’ವನ್ನು ಹಿಡಿದು ನಿಂತಿದ್ದರೂ ಕೆಳಗೆ ಕಾರ್ಡ್ ಬದಲಾದರೆ ಬೆಳಗಿನ ‘ಗ’ ಸಂಜೆಯದಾಗಿ ಕೇಳುತ್ತದೆ. ಈ ಕಲೆಯಲ್ಲಿ ಪಳಗಿದವರು ಅರೇಂಜರ್‌ಗಳು. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮೇಲೆ ಧಾಟಿ ಕಟ್ಟಿ ಹಾಡಿ ತೋರಿಸಿದರೆ, ಅದಕ್ಕೆ ಯಾವ ವಾದ್ಯ ಎಲ್ಲಿ ಸೇರಬೇಕು, ಕೆಳಗೆ ಯಾವ ಕಾರ್ಡ್ ಹರಿಯಬೇಕು ಎಂದು ಹಾಳೆಯಲ್ಲಿ ಬರೆಯುತ್ತಿದ್ದವರು ಅವರು. ಓ.ಪಿ. ನಯ್ಯರ್ ಅವರಿಗೂ ಶಂಕರ್-ಜೈಕಿಶನ್ ಅವರಿಗೂ ಸೆಬಾಸ್ಟಿಯನ್ ಡಿಸೋಜ ಹೀಗೆ ಬರೆದರು. ಆಂಥೊನಿ ಗೊನ್ಸಾಲ್ವಿಸ್ ಎಂಬ ಪಿಟೀಲು ಗುರು ಬರೆದರು. 1977ರ ‘ಅಮರ್ ಅಕ್ಬರ್ ಆಂಥೊನಿ’ಯಲ್ಲಿ ಆ ಹೆಸರನ್ನು ಹಾಡಾಗಿಸಿದ್ದು ಅವರ ಶಿಷ್ಯ ಪ್ಯಾರೇಲಾಲ್. ಪರದೆಯ ಹಿಂದೆ ದುಡಿದ ಸಾವಿರಾರು ವಾದಕರಲ್ಲಿ ದೇಶದ ಮಕ್ಕಳೆಲ್ಲ ಹೆಸರು ಹಿಡಿದು ಕೂಗಿದ್ದು ಆ ಒಬ್ಬರನ್ನೇ.

ಆ ಹಾಳೆಯನ್ನು ಕಂಡ ಕೂಡಲೇ ಓದಿ ನುಡಿಸಬಲ್ಲವರಿಗೆ ಸ್ಟುಡಿಯೊದಲ್ಲಿ ಕೆಲಸ. ಅರವತ್ತು, ಎಂಬತ್ತು ಮಂದಿ ವಾದಕರು, ಗಾಯಕರು ಎಲ್ಲರೂ ಒಂದೇ ಹೊತ್ತಿನಲ್ಲಿ ನುಡಿಸಬೇಕು, ಹಾಡಬೇಕು. ಯಾರೊಬ್ಬರ ಬೆರಳು ತಪ್ಪಿದರೂ ಮೊದಲಿನಿಂದ ಮತ್ತೊಂದು ಟೇಕ್. ಗಿಟಾರಿನವರಲ್ಲೂ ವಿಭಾಗವಿತ್ತು. ಒಬ್ಬರು ರಿದಮ್: ತಬಲಾ, ಬೊಂಗೊ ಜೊತೆ ಸೇರಿ ತಾಳವನ್ನು ಕಾರ್ಡಿನಲ್ಲಿ ಮೀಟುತ್ತ ಹೋಗುವುದು. ಒಬ್ಬರು ಲೀಡ್: ಪೀಸ್ ನುಡಿಸುವುದು. ಪೀಸ್ ಎಂದರೆ ಪಲ್ಲವಿಗೂ ಅಂತರಾಗೂ ನಡುವೆ ಬರುವ ವಾದ್ಯದ ಭಾಗ. ವಾದಕರು ಹಾಡನ್ನು ನೆನಪಿಟ್ಟುಕೊಳ್ಳುವುದೇ ಪೀಸಿನಿಂದ. ಇನ್ನೊಬ್ಬರು ಬೇಸ್. ರಿದಮ್ ಗಿಟಾರ್ ಚೆನ್ನಾಗಿದ್ದರೆ ಅದು ಇದೆ ಎಂದು ಕೇಳುಗನಿಗೆ ಗೊತ್ತಾಗುವುದಿಲ್ಲ, ತೆಗೆದರೆ ಮಾತ್ರ ಹಾಡು ಕುಸಿದ ಹಾಗಾಗುತ್ತದೆ. ನಾನು ಮೂವತ್ತು ವರ್ಷ ನುಡಿಸಿದ್ದು ಹೆಚ್ಚಾಗಿ ಅದನ್ನೇ. ಹಳೆಯ ಹಾಡನ್ನು ಇವತ್ತಿಗೂ ನಾನು ಕೆಳಗಿನಿಂದ ಕೇಳುತ್ತೇನೆ. ಮೊದಲು ಹಾಸು, ಆಮೇಲೆ ಲತಾ.

1960ರ ದಶಕಕ್ಕೆ ಬಂದರೆ ಎಲೆಕ್ಟ್ರಿಕ್ ಗಿಟಾರ್ ಬೇರೆಯೇ ದಾರಿ ಹಿಡಿಯಿತು. ಇಂಗ್ಲೆಂಡಿನ ಶ್ಯಾಡೋಸ್, ಅಮೆರಿಕದ ವೆಂಚರ್ಸ್ ತಂಡಗಳ ರೆಕಾರ್ಡುಗಳು ಮುಂಬೈಯ ಹುಡುಗರ ಕೈ ಸೇರಿದವು. ಶ್ಯಾಡೋಸ್ ತಂಡ ಜೊತೆಯಾಗಿ ನುಡಿಸುತ್ತಿದ್ದ ಗಾಯಕ ಕ್ಲಿಫ್ ರಿಚರ್ಡ್ ಹುಟ್ಟಿದ್ದು ವ್ಯಾನ್ ಶಿಪ್ಲೆಯ ಊರಾದ ಲಖನೌದಲ್ಲೇ, 1940ರಲ್ಲಿ. 1965ರ ‘ಗುಮ್‌ನಾಮ್’ ಚಿತ್ರದ ಆರಂಭದ ಕ್ಲಬ್ ದೃಶ್ಯವನ್ನು ನೋಡಿದವರು ಮರೆಯುವುದಿಲ್ಲ. ಟೆಡ್ ಲಿಯಾನ್ಸ್ ಅಂಡ್ ಹಿಸ್ ಕಬ್ಸ್ ಎಂಬ ಮುಂಬೈ ತಂಡ ವೇದಿಕೆಯ ಮೇಲೆ, ಮುಖವಾಡ ತೊಟ್ಟು ಕುಣಿಯುವವರು ಕೆಳಗೆ, ಮೊಹಮ್ಮದ್ ರಫಿಯವರ ದನಿ, ಅದನ್ನು ಅಟ್ಟಿಸಿಕೊಂಡು ಓಡುವ ಗಿಟಾರ್. 2001ರಲ್ಲಿ ಅಮೆರಿಕದ ‘ಘೋಸ್ಟ್ ವರ್ಲ್ಡ್’ ಚಿತ್ರ ಶುರುವಾಗುವುದೇ ಆ ದೃಶ್ಯದಿಂದ. ‘ಗುಮ್‌ನಾಮ್’ ಬಂದ ಮುಂದಿನ ವರ್ಷ, 1966ರಲ್ಲಿ, ರಾಹುಲ್ ದೇವ್ ಬರ್ಮನ್ ‘ತೀಸ್ರಿ ಮಂಜಿಲ್’ಗೆ ಸಂಗೀತ ಕೊಟ್ಟರು.

ಇದೇ ಕಾಲದ ಒಂದು ರೆಕಾರ್ಡಿನ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1968ರಲ್ಲಿ ಶಂಕರ್-ಜೈಕಿಶನ್ ಸಿನಿಮಾವನ್ನು ಬದಿಗಿಟ್ಟು ‘ರಾಗಾ ಜಾಝ್ ಸ್ಟೈಲ್’ ಎಂಬ ಲಾಂಗ್ ಪ್ಲೇ ಮಾಡಿದರು. ಹನ್ನೊಂದು ರಾಗಗಳು, ಜಾಝ್ ತಂಡದ ನಡೆಯಲ್ಲಿ. ಸಿತಾರ್ ರಯೀಸ್ ಖಾನ್, ಸ್ಯಾಕ್ಸೊಫೋನ್ ಮನೋಹರಿ ಸಿಂಗ್, ಡ್ರಮ್ಸ್ ಲೆಸ್ಲಿ ಗೊಡಿನ್ಹೊ, ಪಿಯಾನೊ ಲುಸಿಲಾ ಪಶೆಕೊ, ಗಿಟಾರ್ ಅನಿಬಾಲ್ ಕ್ಯಾಸ್ಟ್ರೊ ಮತ್ತು ದಿಲೀಪ್ ನಾಯಕ್. ಸಿನಿಮಾದಲ್ಲಿ ಹೆಸರಿಲ್ಲದೆ ನುಡಿಸುತ್ತಿದ್ದವರ ಹೆಸರುಗಳು ಒಂದೊಂದಾಗಿ ಇಲ್ಲಿ ಸಿಗುತ್ತವೆ. ಬಾನ್ಸುರಿ ಒಂದು ಸಾಲು ಹೇಳಿದರೆ ಗಿಟಾರ್ ಅದನ್ನು ಎತ್ತಿಕೊಂಡು ತನ್ನ ಭಾಷೆಯಲ್ಲಿ ತಿರುಗಿಸಿ ಹೇಳುತ್ತದೆ. ಎರಡು ಬಾಗಿಲುಗಳಿಂದ ಬಂದದ್ದು ಒಂದೇ ಚಾವಡಿಯಲ್ಲಿ ಕೂತದ್ದನ್ನು ಕೇಳಬೇಕೆಂದರೆ ಆ ರೆಕಾರ್ಡು ಹಾಕಬೇಕು. ನನ್ನ ಪ್ರತಿ ಕಾಲಾ ಘೋಡಾದ ರಿದಮ್ ಹೌಸ್‌ನಲ್ಲಿ ಕೊಂಡದ್ದು. 2016ರಲ್ಲಿ ಆ ಅಂಗಡಿ ಮುಚ್ಚಿತು. ಅಂಗಡಿಯೊಳಗಿನ ಆ ಚಿಕ್ಕ ಗೂಡುಗಳಲ್ಲಿ ನಿಂತು, ಕೊಳ್ಳಲಾಗದ ರೆಕಾರ್ಡುಗಳನ್ನು ಕೇಳಿ ಬರುತ್ತಿದ್ದ ಶನಿವಾರಗಳಿಗೆ ನನ್ನ ಕೃತಜ್ಞತೆ ಇದೆ.

ನಾನು ಈ ನಗರಕ್ಕೆ ಬಂದ ಹೊಸದರಲ್ಲಿ ಕಾಲೇಜು ಹುಡುಗರ ಬ್ಯಾಂಡುಗಳ ಸುಗ್ಗಿ. 1970, 71ರಲ್ಲಿ ಸಿಗರೇಟು ಕಂಪನಿಯೊಂದು ನಡೆಸಿದ ‘ಸಿಮ್ಲಾ ಬೀಟ್’ ಸ್ಪರ್ಧೆಗೆ ದೇಶದ ಎಲ್ಲ ಕಡೆಯಿಂದ ತಂಡಗಳು ಮುಂಬೈಗೆ ಬರುತ್ತಿದ್ದವು. ಮಾಟುಂಗದ ನಮ್ಮ ಹೋಟೆಲಿನಿಂದ ನಡೆದರೆ ಹತ್ತು ನಿಮಿಷದ ಷಣ್ಮುಖಾನಂದ ಸಭಾಂಗಣದಲ್ಲಿ ಹಿಂದಿನ ದಿನ ಕರ್ನಾಟಕ ಸಂಗೀತದ ಕಛೇರಿ, ಮರುದಿನ ಉದ್ದ ಕೂದಲಿನ ಹುಡುಗರ ಗಿಟಾರ್. 1972ರಲ್ಲಿ ಲೆಡ್ ಝೆಪ್ಪೆಲಿನ್ ತಂಡದ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ ಮುಂಬೈಗೆ ಬಂದು ಇಲ್ಲಿನ ವಾದಕರನ್ನು ಸೇರಿಸಿ ಎರಡು ಹಾಡು ರೆಕಾರ್ಡ್ ಮಾಡಿದರು, ಕೊಲಾಬಾದ ಸ್ಲಿಪ್ ಡಿಸ್ಕ್ ಎಂಬ ಕ್ಲಬ್ಬಿನಲ್ಲಿ ಸುಮ್ಮನೆ ಹತ್ತಿ ನುಡಿಸಿದರು. ಜಗತ್ತಿನ ಅಷ್ಟು ದೊಡ್ಡ ಗಿಟಾರ್ ವಾದಕ ನಮ್ಮ ನಗರದಲ್ಲಿದ್ದ ಆ ರಾತ್ರಿ ನಾನು ಮಾಟುಂಗದಲ್ಲಿ ಮರುದಿನದ ಉದ್ದಿನ ಬೇಳೆ ನೆನೆಹಾಕುತ್ತಿದ್ದೆ. ಸುದ್ದಿ ತಿಳಿದದ್ದು ಎಷ್ಟೋ ವರ್ಷದ ನಂತರ.

ಆದರೆ ನನಗೆ ಗಿಟಾರ್ ಎಂದರೆ ಮೊದಲು ನೆನಪಾಗುವುದು ಪೇಜ್ ಅಲ್ಲ, ಭೂಪಿಂದರ್ ಸಿಂಗ್.

1940ರಲ್ಲಿ ಅಮೃತಸರದಲ್ಲಿ ಹುಟ್ಟಿದವರು. ತಂದೆ ನಾಥಾ ಸಿಂಗ್ ಸಂಗೀತದ ಮೇಷ್ಟ್ರು, ಬಹಳ ಬಿಗಿ. ಆ ಬಿಗಿಗೆ ಬೇಸತ್ತು ಹುಡುಗ ಒಂದು ಕಾಲದಲ್ಲಿ ಸಂಗೀತವನ್ನೇ ದ್ವೇಷಿಸಿದ್ದನಂತೆ. ದೆಹಲಿ ಆಕಾಶವಾಣಿಯಲ್ಲಿ ಗಿಟಾರ್ ನುಡಿಸುತ್ತಿದ್ದಾಗ ಒಂದು ಊಟದ ಕೂಟದಲ್ಲಿ ಅವರ ಹಾಡನ್ನು ಸಂಗೀತ ನಿರ್ದೇಶಕ ಮದನ್ ಮೋಹನ್ ಕೇಳಿದರು, ಮುಂಬೈಗೆ ಕರೆದರು. 1964ರ ‘ಹಕೀಕತ್’ ಚಿತ್ರದಲ್ಲಿ ರಫಿ, ತಲತ್ ಮಹಮೂದ್, ಮನ್ನಾ ಡೇ ಅವರ ಜೊತೆ ನಾಲ್ಕನೆಯ ದನಿಯಾಗಿ ಹಾಡಿದರು. ಅಂಥ ಮೂವರ ನಡುವೆ ಹಾಡಿದವರು ಆಮೇಲೆ ವರ್ಷಗಟ್ಟಲೆ ಸ್ಟುಡಿಯೊದಲ್ಲಿ ಗಿಟಾರ್ ಹಿಡಿದು ಕೂತರು. ಆರ್.ಡಿ. ಬರ್ಮನ್ ಅವರ ಹಾಡುಗಳಲ್ಲಿ ನಮ್ಮೆಲ್ಲರ ಬಾಯಲ್ಲಿ ಉಳಿದ ಗಿಟಾರ್ ಪೀಸುಗಳಲ್ಲಿ ಅನೇಕವು ಅವರವು. 1971ರ ‘ಹರೇ ರಾಮ ಹರೇ ಕೃಷ್ಣ’ದಲ್ಲಿ ಹೊಗೆಯ ನಡುವೆ ಏಳುವ ಆ ಗಿಟಾರ್, 1972ರ ‘ಅಮರ್ ಪ್ರೇಮ್’ನಲ್ಲಿ ದೋಣಿಯ ಹಾಡಿಗೆ ಕೆಳಗಿನಿಂದ ಹರಿಯುವ ಗಿಟಾರ್, 1973ರ ‘ಯಾದೋಂ ಕಿ ಬಾರಾತ್’ನಲ್ಲಿ ಗ್ಲಾಸಿನ ಕಿಣಿಕಿಣಿಯ ಹಿಂದೆ ಬರುವ ಗಿಟಾರ್. ಪರದೆಯ ಮೇಲೆ ಆ ಬಿಳಿ ಉಡುಪಿನಲ್ಲಿ ಗಿಟಾರ್ ಹಿಡಿದ ಜೀನತ್ ಅಮಾನ್ ಅವರನ್ನು ಇಡೀ ದೇಶ ನೋಡಿತು. ನುಡಿಸಿದ ಕೈ ಯಾರದೆಂದು ರೆಕಾರ್ಡಿನ ಲೇಬಲ್ ಮೇಲೂ ಇರಲಿಲ್ಲ.

ಆರ್ಕೆಸ್ಟ್ರಾದಲ್ಲಿ ನನಗೆ ಜನ ಚಪ್ಪಾಳೆ ತಟ್ಟಿದ್ದು ‘ಯಾದೋಂ ಕಿ ಬಾರಾತ್’ನ ಆ ಹಾಡಿನ ಶುರುವಿಗೆ. ಗಾಯಕಿ ಇನ್ನೂ ಬಾಯಿ ತೆರೆದಿರುವುದಿಲ್ಲ, ಎರಡು ಕಾರ್ಡ್ ಮೀಟುವಷ್ಟರಲ್ಲಿ ಚೆಂಬೂರಿನ ಮೈದಾನವಾಗಲಿ, ಮುಲುಂಡಿನ ಮಂಟಪವಾಗಲಿ, ಹೋ ಎನ್ನುತ್ತಿತ್ತು. ಆ ಚಪ್ಪಾಳೆಯಲ್ಲಿ ಭೂಪಿಂದರ್ ಅವರ ಪಾಲು ಎಷ್ಟು ಎಂದು ನನಗೆ ಆಗಲೇ ಗೊತ್ತಿತ್ತು. ಅವರ ಆ ಬೆರಳ ನಡೆಯನ್ನು ರೆಕಾರ್ಡ್ ಪ್ಲೇಯರ್‌ನ ಮುಳ್ಳು ಎತ್ತಿ ಎತ್ತಿ ಇಟ್ಟು, ಒಂದೇ ಸಾಲನ್ನು ನಲವತ್ತು ಸಲ ಕೇಳಿ ಕಲಿತದ್ದು. ನಮ್ಮಂಥವರಿಗೆ ಹಾಳೆ ಓದಲು ಬರುತ್ತಿರಲಿಲ್ಲ. ಸವೆದ ರೆಕಾರ್ಡೇ ನಮ್ಮ ಗುರು.

ಭೂಪಿಂದರ್ ಮತ್ತೆ ಹಾಡಿನ ಕಡೆಗೆ ತಿರುಗಿದರು. ‘ಮೌಸಮ್’, ‘ಘರೋಂದಾ’, ‘ಕಿನಾರಾ’ ಚಿತ್ರಗಳಲ್ಲಿ ಆ ಭಾರವಾದ, ಸ್ವಲ್ಪ ಒರಟಾದ ದನಿ ಎಲ್ಲರಿಗೂ ಗೊತ್ತು. ಆದರೆ ಅವರು ಮಾಡಿದ ಇನ್ನೊಂದು ಕೆಲಸ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹಾರ್ಮೋನಿಯಂ, ತಬಲಾ, ಸಾರಂಗಿಯ ಗಜಲಿಗೆ ಅವರು ಎದೆಗೊರಗಿಸುವ ಸ್ಪ್ಯಾನಿಷ್ ಗಿಟಾರ್ ತಂದರು. ಶೇರ್‌ನ, ಅಂದರೆ ಗಜಲಿನ ದ್ವಿಪದಿಯ, ಮೊದಲ ಸಾಲು ಮುಗಿದು ಎರಡನೆಯದು ಬರುವ ಮುಂಚಿನ ಮೌನದಲ್ಲಿ ಗಿಟಾರಿನ ಎರಡೇ ಎರಡು ಸ್ವರ ಬೀಳುತ್ತವೆ. ಅಷ್ಟೇ. ಗಾಯಕನೇ ವಾದಕನೂ ಆದಾಗ ಮಾತ್ರ ಬರುವ ಅಳತೆ ಅದು. ದನಿಗೆ ಎಷ್ಟು ಜಾಗ ಬೇಕೆಂದು ಬೆರಳಿಗೆ ಗೊತ್ತಿರುತ್ತದೆ. 2022ರ ಜುಲೈ 18ರಂದು ಮುಂಬೈಯಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಗಾಯಕ ಎಂದು ಬರೆದವು. ನಾನು ಆ ರಾತ್ರಿ ಗಿಟಾರ್ ತೆಗೆದು ‘ಅಮರ್ ಪ್ರೇಮ್’ನ ಪೀಸ್ ನುಡಿಸಿದೆ.

ಅವರ ಜೊತೆಗಾರರಲ್ಲಿ ಇನ್ನೂ ಹಲವರು. ಪ್ಯಾರೇಲಾಲ್ ಅವರ ತಮ್ಮ ಗೋರಖ್ ಶರ್ಮಾ 1980ರ ‘ಕರ್ಜ್’ನಲ್ಲಿ ನುಡಿಸಿದ ಗಿಟಾರ್ ಬರೀ ಪೀಸ್ ಅಲ್ಲ, ಆ ಚಿತ್ರದ ಕಥೆಯೇ ಅದರ ಮೇಲೆ ನಿಂತಿದೆ, ನಾಯಕನಿಗೆ ಹಿಂದಿನ ಜನ್ಮ ನೆನಪಾಗುವುದು ಆ ಗಿಟಾರ್ ಧಾಟಿಯಿಂದ. ಮದುವೆ ಮನೆಗಳಲ್ಲಿ ಅದನ್ನು ನುಡಿಸದೆ ನಮ್ಮನ್ನು ವೇದಿಕೆಯಿಂದ ಇಳಿಯಬಿಡುತ್ತಿರಲಿಲ್ಲ. ರಮೇಶ್ ಅಯ್ಯರ್, ಸುನಿಲ್ ಕೌಶಿಕ್ ಬರ್ಮನ್ ಅವರ ತಂಡದಲ್ಲಿದ್ದರು, ಟೋನಿ ವಾಝ್ ಬೇಸ್ ಗಿಟಾರಿನಲ್ಲಿದ್ದರು. ನಮ್ಮ ಉತ್ತರ ಕನ್ನಡದ ಊರಿನ ಹೆಸರು ಹೊತ್ತ ಅಮರ್ ಹಳದೀಪುರ ಪಿಟೀಲು ವಾದಕರಾಗಿ, ಅರೇಂಜರ್ ಆಗಿ ಅದೇ ಸ್ಟುಡಿಯೊಗಳಲ್ಲಿ ಹೆಸರು ಮಾಡಿದರು.

ಕನ್ನಡದ ಹಾಡಿಗೂ ಈ ದಾರಿ ಸೇರಿಕೊಂಡಿತು, ಮದರಾಸಿನ ಮೂಲಕ. ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ, ಗಿಟಾರ್ ವಾದಕರಾಗಿ ಕನ್ನಡದ ಅನೇಕ ಚಿತ್ರಗಳಿಗೆ ದುಡಿದ ಯುವಕನೇ ಮುಂದೆ ಇಳಯರಾಜ ಆದದ್ದು. ಅವರ ಗಿಟಾರ್ ಕೇಳಿ ಮೆಚ್ಚಿದವರಲ್ಲಿ ಮುಂಬೈಯ ಸಲೀಲ್ ಚೌಧುರಿ ಒಬ್ಬರು. ಅದೇ ಸಲೀಲ್ ಬಾಬು 1977ರಲ್ಲಿ ಬಾಲು ಮಹೇಂದ್ರ ಅವರ ಕನ್ನಡ ಚಿತ್ರ ‘ಕೋಕಿಲ’ಕ್ಕೆ ಸಂಗೀತ ಕೊಟ್ಟರು. ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಅಂಗಳದಲ್ಲಿ ನಮ್ಮ ಹುಡುಗರು ಕನ್ನಡ ಹಾಡು ಕೇಳಿದಾಗ ನಾನು ಹಿಂದಿ ಹಾಡಿನ ಕಾರ್ಡುಗಳನ್ನೇ ಇಟ್ಟು ನುಡಿಸಿದ್ದೇನೆ, ಎಲ್ಲೂ ಎಡವಿದ ಹಾಗಾಗಲಿಲ್ಲ.

1980ರ ದಶಕದಲ್ಲಿ ಸಿಂಥಸೈಜರ್ ಬಂತು. ಆಮೇಲೆ ಒಬ್ಬೊಬ್ಬರನ್ನೇ ಬೇರೆಬೇರೆ ಹೊತ್ತಿಗೆ ಕರೆದು ಬೇರೆಬೇರೆ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡುವ ಪದ್ಧತಿ ಬಂತು, ಕಂಪ್ಯೂಟರ್ ಬಂತು. ಎಂಬತ್ತು ಜನ ಒಂದೇ ಕೋಣೆಯಲ್ಲಿ ಉಸಿರು ಹಿಡಿದು ನುಡಿಸುವುದು 1990ರ ದಶಕದಲ್ಲಿ ಹೆಚ್ಚುಕಡಿಮೆ ನಿಂತಿತು. ಇದಕ್ಕೆ ಯಾರನ್ನು ದೂರಲಿ? ಹೋಟೆಲಿನ ಬ್ಯಾಂಡು ಹೋದಾಗ ಸ್ಟುಡಿಯೊ ಅವರನ್ನು ಕರೆದಿತ್ತು. ಸ್ಟುಡಿಯೊ ಬಾಗಿಲು ಹಾಕಿದಾಗ ಕರೆಯಲು ಮತ್ತೊಂದು ಜಾಗ ಇರಲಿಲ್ಲ. ನನಗೆ ಬ್ಯಾಂಕಿನ ಪಿಂಚಣಿ ಇದೆ. ಪೂರ್ತಿ ಬದುಕನ್ನು ಆರು ತಂತಿಗೆ ಕೊಟ್ಟವರಿಗೆ ಅದಿರಲಿಲ್ಲ ಎಂಬುದು ನನ್ನನ್ನು ಬಹಳ ಸಲ ಕೊರೆದಿದೆ.

ಚರಣ್‌ಜಿತ್ ಸಿಂಗ್ ಅವರ ಕಥೆ ಮಾತ್ರ ಕೊನೆಗೆ ಬೇರೆ ತಿರುವು ಪಡೆಯಿತು. ಸಿನಿಮಾ ವಾದ್ಯವೃಂದಗಳಲ್ಲಿ ಗಿಟಾರ್, ಬೇಸ್, ಕೀಬೋರ್ಡ್ ನುಡಿಸುತ್ತಿದ್ದವರು, ಸಿನಿಮಾ ಧಾಟಿಗಳ ರೆಕಾರ್ಡುಗಳನ್ನೂ ಮಾಡಿದವರು. ಹೊಸ ಯಂತ್ರಗಳನ್ನು ಕಂಡು ಹೆದರದೆ 1982ರಲ್ಲಿ ಸಿಂಥಸೈಜರ್ ಮತ್ತು ಡ್ರಮ್ ಯಂತ್ರದಲ್ಲಿ ಡಿಸ್ಕೊ ತಾಳಕ್ಕೆ ಹತ್ತು ರಾಗ ನುಡಿಸಿದ ರೆಕಾರ್ಡೊಂದನ್ನು ಎಚ್‌ಎಂವಿಗೆ ಕೊಟ್ಟರು. ಯಾರೂ ಕೊಳ್ಳಲಿಲ್ಲ. ಇಪ್ಪತ್ತು ವರ್ಷದ ನಂತರ ಡಚ್ ಸಂಗ್ರಾಹಕರೊಬ್ಬರಿಗೆ ದೆಹಲಿಯಲ್ಲಿ ಅದರ ಒಂದು ಪ್ರತಿ ಸಿಕ್ಕಿತು, 2010ರಲ್ಲಿ ಮರುಮುದ್ರಣವಾಯಿತು. ಅಮೆರಿಕದ ಶಿಕಾಗೊದಲ್ಲಿ ಇಂಥದ್ದೇ ಸಂಗೀತ ಹುಟ್ಟುವ ಮೊದಲೇ ಮುಂಬೈಯಲ್ಲಿ ಒಬ್ಬರು ನುಡಿಸಿಬಿಟ್ಟಿದ್ದಾರೆ ಎಂದು ಯುರೋಪಿನ ಯುವಕರು ಬೆರಗಾದರು. ಎಪ್ಪತ್ತರ ಗಡಿ ದಾಟಿದ ಅವರನ್ನು ಅಲ್ಲಿಗೆ ಕರೆಸಿ ನುಡಿಸಿದರು. 2015ರಲ್ಲಿ ಅವರು ತೀರಿಕೊಂಡರು.

ನನ್ನ ಎಡಗೈಯ ಉಂಗುರ ಬೆರಳಿನ ಗೆಣ್ಣು ಈಗ ಪೂರ್ತಿ ಮಡಚುವುದಿಲ್ಲ. ಬಾರ್ ಕಾರ್ಡ್ ಹಿಡಿಯುವುದು ಕಷ್ಟ. ವೈದ್ಯರು ಬೆರಳಿಗೆ ಬಿಡುವು ಕೊಡಿ ಎಂದ ಮೇಲೆ ಕೆಲವು ತಿಂಗಳು ಗಿಟಾರ್ ಕಪಾಟಿನ ಮೇಲಿತ್ತು, ಬೆರಳ ತುದಿಯ ಗಟ್ಟಿ ಚರ್ಮ ಮೆತ್ತಗಾಗುತ್ತ ಬಂತು. ಒಂದು ದಿನ ಯೋಚನೆ ಬಂದು ಗಿಟಾರ್ ಇಳಿಸಿದೆ. ತಂತಿಗಳನ್ನು ಹವಾಯಿಯನ್ ಶ್ರುತಿಗೆ ತಿರುಗಿಸಿದೆ, ಕುತ್ತಿಗೆಯ ತುದಿಯ ಮೇಲಿನ ಕುದುರೆಗೆ ಚಿಕ್ಕ ಆಸರೆ ಕೊಟ್ಟು ತಂತಿ ಎತ್ತರಿಸಿದೆ, ತೊಡೆಯ ಮೇಲೆ ಮಲಗಿಸಿಕೊಂಡೆ. ಉಕ್ಕಿನ ತುಂಡು ಹಿಡಿಯಲು ಬೆರಳು ಮಡಚಬೇಕಾಗಿಲ್ಲ.

ಮೊದಲ ವಾರವೆಲ್ಲ ಬೆಕ್ಕು ಕೂಗಿದ ಹಾಗಿತ್ತು. ಈಗ ಸ್ವಲ್ಪ ಕೈಗೆ ಬಂದಿದೆ. ಸಂಜೆ ಮುಲುಂಡಿನ ಲೋಕಲ್ ಗಾಡಿಗಳ ಸದ್ದು ಕಡಿಮೆಯಾಗುವ ಹೊತ್ತಿಗೆ ಬಾಲ್ಕನಿಯಲ್ಲಿ ಕೂತು ‘ಅನಾಡಿ’ಯ ಆ ಹಾಡನ್ನು ಶುರುಮಾಡುತ್ತೇನೆ. ಪಲ್ಲವಿ ಮುಗಿಯುತ್ತದೆ. ಮೈಯೆಲ್ಲ ಕಿವಿಯಾಗಿ ಒಂದು ಕ್ಷಣ ಕಾಯುತ್ತೇನೆ. ವಾರ್ತೆ ಬರುವುದಿಲ್ಲ. ಒಳಗೆ ಸೊಪ್ಪು ಬಿಡಿಸುತ್ತಿರುವ ನನ್ನ ಹೆಂಡತಿ ಅಷ್ಟರಲ್ಲಿ ಅಂತರಾ ಎತ್ತಿಕೊಂಡಿರುತ್ತಾಳೆ, ನಾನು ತಂತಿ ಜಾರಿಸಿ ಅವಳನ್ನು ಹಿಡಿಯಬೇಕು.